ಸ್ಪೂನ್ ರಿವರ್ ದಿಬ್ಬ: ಗಡಿನಾಡಿನ ಅಂಗಡಿ, ಚರ್ಚು ಮತ್ತು ಸಮಾಧಿಗಳ ಒಂದು ಓದು

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಮೂರು ದಶಕಗಳಲ್ಲಿ ಹೇರಳವಾಗಿ ಬೆಳೆದ ಒಂದು ಗ್ರಂಥಪ್ರಕಾರವಿದೆ. ಅದನ್ನು ‘ಕೌಂಟಿ ಚರಿತ್ರೆ’ ಎನ್ನುತ್ತಾರೆ. ಕೌಂಟಿ ಎಂದರೆ ಸ್ಥೂಲವಾಗಿ ನಮ್ಮ ಜಿಲ್ಲೆಗೆ ಸಮಾನವಾದ, ಆದರೆ ಗಾತ್ರದಲ್ಲಿ ತಾಲ್ಲೂಕಿಗೆ ಹತ್ತಿರವಾದ ಆಡಳಿತ ಘಟಕ. ಸ್ವಾತಂತ್ರ್ಯದ ಶತಮಾನೋತ್ಸವದ ವರ್ಷವಾದ 1876ರ ಮಾರ್ಚ್ ತಿಂಗಳಲ್ಲಿ ಅಲ್ಲಿನ ಕಾಂಗ್ರೆಸ್ ಒಂದು ಜಂಟಿ ನಿರ್ಣಯ ಮಾಡಿತು. ಪ್ರತಿಯೊಂದು ಕೌಂಟಿಯೂ ಪಟ್ಟಣವೂ ತನ್ನ ಸ್ಥಾಪನೆಯಿಂದ ಅಂದಿನವರೆಗಿನ ಚರಿತ್ರೆಯನ್ನು ಬರೆಯಿಸಿ ಜುಲೈ 4ರಂದು ಸಾರ್ವಜನಿಕವಾಗಿ ಓದಿಸಬೇಕೆಂದು ಅದು ಶಿಫಾರಸು ಮಾಡಿತು. ಆ ಉತ್ಸಾಹವನ್ನು ಪ್ರಕಾಶಕರು ಬಹುಬೇಗ ವ್ಯಾಪಾರವನ್ನಾಗಿ ಮಾರ್ಪಡಿಸಿದರು. ಅವರ ಪ್ರತಿನಿಧಿಗಳು ಊರೂರು ತಿರುಗಿ ಮುಂಗಡ ಚಂದಾ ಎತ್ತುತ್ತಿದ್ದರು. ಹಣ ಕೊಟ್ಟವರ ಜೀವನಚರಿತ್ರೆಯೂ, ಇನ್ನಷ್ಟು ಕೊಟ್ಟವರ ಭಾವಚಿತ್ರವೂ ಗ್ರಂಥದಲ್ಲಿ ಸೇರುತ್ತಿದ್ದವು. ಅಧ್ಯಾಯಗಳ ಕ್ರಮವೂ ಬಹುಮಟ್ಟಿಗೆ ಸಿದ್ಧವಾದುದೇ: ಮೊದಲು ಬಂದು ನೆಲೆಸಿದವರು, ಮೊದಲ ಗಿರಣಿ, ಮೊದಲ ಅಂಗಡಿ, ಮೊದಲ ಶಾಲೆ, ಒಂದೊಂದು ಪಂಥದ ಚರ್ಚು, ಮೊದಲ ಹುಟ್ಟು, ಮೊದಲ ಮದುವೆ, ಮೊದಲ ಸಾವು, ಸಮಾಧಿಭೂಮಿ.

ಎಡ್ಗರ್ ಲೀ ಮಾಸ್ಟರ್ಸ್ (1868–1950) ಬರೆದ ‘ಸ್ಪೂನ್ ರಿವರ್ ಆಂಥಾಲಜಿ’ಯನ್ನು ಈ ಗ್ರಂಥಪ್ರಕಾರದ ಪಕ್ಕದಲ್ಲಿಟ್ಟು ಓದುವುದು ಪ್ರಸ್ತುತ ಲೇಖನದ ಉದ್ದೇಶ. ಕೃತಿಯ ಪರಿಚಯ ಸಂಕ್ಷಿಪ್ತವಾಗಿ ಹೀಗಿದೆ. ಸೇಂಟ್ ಲೂಯಿಸ್ ನಗರದ ‘ರೀಡೀಸ್ ಮಿರರ್’ ಪತ್ರಿಕೆಯಲ್ಲಿ 1914ರ ಮೇ ತಿಂಗಳಿಂದ ಗುಪ್ತನಾಮದಲ್ಲಿ ಪ್ರಕಟವಾಗತೊಡಗಿದ ಈ ಕವಿತೆಗಳು 1915ರಲ್ಲಿ ಪುಸ್ತಕವಾದವು, 1916ರಲ್ಲಿ ಇನ್ನಷ್ಟು ಬೆಳೆದವು. ಕಲ್ಪಿತ ಊರೊಂದರ ದಿಬ್ಬದ ಮೇಲೆ ಹೂಳಲ್ಪಟ್ಟ ಇನ್ನೂರಕ್ಕೂ ಹೆಚ್ಚು ಜನ, ಒಬ್ಬೊಬ್ಬರೂ ತಮ್ಮ ಸಮಾಧಿಯೊಳಗಿಂದ ತಾವೇ ಮಾತನಾಡುತ್ತಾರೆ. ಪತ್ರಿಕೆಯ ಸಂಪಾದಕ ರೀಡಿ ಓದಿಸಿದ ಗ್ರೀಕ್ ಸಮಾಧಿಲೇಖಗಳ ಸಂಕಲನ ಇದರ ಮಾದರಿಯೆಂಬುದು ಸರ್ವವಿದಿತ. ಹಾಗೆಯೇ 1921ರಲ್ಲಿ ಕಾರ್ಲ್ ವ್ಯಾನ್ ಡೋರನ್ ಇದನ್ನು ‘ಹಳ್ಳಿಯ ವಿರುದ್ಧ ಬಂಡಾಯ’ದ ಸಾಹಿತ್ಯವೆಂದು ಕರೆದ ಮಾತೂ ಪಠ್ಯಪುಸ್ತಕಗಳಲ್ಲಿ ನೆಲೆಯೂರಿದೆ. ಈ ಎರಡೂ ವಿವರಣೆಗಳು ಸುಳ್ಳಲ್ಲ. ಆದರೆ ಇವೆರಡನ್ನೇ ಹಿಡಿದು ಹೊರಟ ಓದುಗನಿಗೆ, ಈ ಕೃತಿಯಲ್ಲಿ ಇಷ್ಟೊಂದು ಅಂಗಡಿ, ಬ್ಯಾಂಕು, ಔಷಧದ ಮಳಿಗೆ, ಡಬ್ಬಿ ಕಾರ್ಖಾನೆಗಳೂ ಇಷ್ಟೊಂದು ಪಾದ್ರಿಗಳೂ ಏಕಿದ್ದಾರೆಂಬ ಪ್ರಶ್ನೆಗೆ ಉತ್ತರ ಸಿಕ್ಕುವುದಿಲ್ಲ. ಗ್ರೀಕ್ ಸಂಕಲನದಲ್ಲಿ ನಾವಿಕನೂ ಕುರುಬನೂ ಇದ್ದಾರೆ, ಸಾಲದ ಖಾತೆಯಿಲ್ಲ.

ಸ್ಪೂನ್ ರಿವರ್ ಎಂಬ ನದಿ ನಿಜವಾಗಿಯೂ ಇದೆ. ಆ ಹೆಸರಿನ ಊರು ಕಲ್ಪಿತ. ಮಾಸ್ಟರ್ಸ್ ತನ್ನ ಬಾಲ್ಯವನ್ನು ಇಲಿನಾಯ್ ರಾಜ್ಯದ ಎರಡು ಊರುಗಳಲ್ಲಿ ಕಳೆದನು: ಸ್ಯಾಂಗಮನ್ ನದಿಯ ದಡದ ಪೀಟರ್ಸ್‌ಬರ್ಗ್ ಮತ್ತು ಸ್ಪೂನ್ ನದಿಗೆ ಹತ್ತಿರದ ಲೂಯಿಸ್‌ಟೌನ್. ಮೊದಲನೆಯದು ಮೆನಾರ್ಡ್ ಕೌಂಟಿಯ ಕೇಂದ್ರ, ಎರಡನೆಯದು ಫುಲ್ಟನ್ ಕೌಂಟಿಯ ಕೇಂದ್ರ. 1933ರಲ್ಲಿ ಬರೆದ ಲೇಖನವೊಂದರಲ್ಲಿ ಅವನು ತನ್ನ ಪಾತ್ರಗಳ ಹೆಸರುಗಳನ್ನು ಈ ಎರಡೂ ನದಿಗಳ ಆಸುಪಾಸಿನಿಂದ ಆಯ್ದು, ಒಂದು ಕಡೆಯ ಹೆಸರಿಗೆ ಇನ್ನೊಂದು ಕಡೆಯ ಕುಲನಾಮ ಜೋಡಿಸಿದುದಾಗಿಯೂ, ಕೆಲವನ್ನು ರಾಜ್ಯದ ಹಳೆಯ ಸಂವಿಧಾನ ಮತ್ತು ಸರ್ಕಾರಿ ಕಾಗದಗಳಿಂದ ಎತ್ತಿಕೊಂಡುದಾಗಿಯೂ ಹೇಳಿದ್ದಾನೆ. ಎರಡೂ ಕೌಂಟಿಗಳಿಗೆ ಮುದ್ರಿತ ಚರಿತ್ರೆಗಳು ಬಂದುದು ಒಂದೇ ವರ್ಷ, 1879ರಲ್ಲಿ. ಮೆನಾರ್ಡ್ ಚರಿತ್ರೆ ನೆರೆಯ ಮೇಸನ್ ಕೌಂಟಿಯ ಚರಿತ್ರೆಯೊಡನೆ ಒಂದೇ ಸಂಪುಟವಾಗಿ ಹೊರಬಂದಿತು. ಆಗ ಮಾಸ್ಟರ್ಸ್ ಹನ್ನೊಂದು ವರ್ಷದ ಹುಡುಗ. 1902ರಲ್ಲಿ ಟಿ. ಜಿ. ಆನ್‌ಸ್ಟಾಟ್ ಎಂಬವನು ಮೆನಾರ್ಡ್ ಮತ್ತು ಮೇಸನ್ ಕೌಂಟಿಗಳ ಆದಿವಾಸಿಗರ ಕುರಿತು (ಇಲ್ಲಿ ಆದಿವಾಸಿಗರೆಂದರೆ ಮೊದಲು ಬಂದ ಬಿಳಿಯರು, ಈ ‘ಮೊದಲು’ ಎಂಬ ಮಾತಿಗೆ ಮುಂದೆ ಮರಳುತ್ತೇನೆ) ಇನ್ನೊಂದು ಗ್ರಂಥ ಬರೆದನು. ಅವನ ತಂದೆ ನ್ಯೂ ಸೇಲಂ ಊರಿನಲ್ಲಿ ಪೀಪಾಯಿ ಕಟ್ಟುವ ಕಸಬಿನವನಾಗಿದ್ದನು.

ಈ ನ್ಯೂ ಸೇಲಂನ ಕಥೆಯನ್ನು ತುಸು ವಿವರವಾಗಿ ನೋಡಬೇಕು. ಗಡಿನಾಡಿನ ವ್ಯಾಪಾರವೆಂದರೇನು ಎಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಜೇಮ್ಸ್ ರಟ್ಲೆಜ್ ಮತ್ತು ಜಾನ್ ಕ್ಯಾಮ್ರನ್ ಎಂಬಿಬ್ಬರು ಸ್ಯಾಂಗಮನ್ ನದಿಗೆ ಅಡ್ಡಗಟ್ಟೆ ಹಾಕಿ, ಮರ ಕೊಯ್ಯುವ ಹಾಗೂ ಹಿಟ್ಟು ಬೀಸುವ ಗಿರಣಿ ಕಟ್ಟಿ, 1829ರಲ್ಲಿ ಅದರ ಮೇಲಿನ ದಿಣ್ಣೆಯಲ್ಲಿ ನಿವೇಶನಗಳನ್ನು ಗುರುತಿಸಿ ಮಾರತೊಡಗಿದರು. ಗಿರಣಿಗೆ ಧಾನ್ಯ ತಂದವನು ತನ್ನ ಸರದಿಗಾಗಿ ಕಾಯಬೇಕು. ಕಾಯುವವನಿಗೆ ಅಂಗಡಿ ಬೇಕು, ಕಮ್ಮಾರ ಬೇಕು, ತಂಗುಮನೆ ಬೇಕು. ರಟ್ಲೆಜ್ ತನ್ನ ಮನೆಯನ್ನೇ ತಂಗುಮನೆ ಮಾಡಿದನು. 1831ರಲ್ಲಿ ಡೆಂಟನ್ ಆಫಟ್ ಎಂಬ ವ್ಯಾಪಾರಿಯ ಸರಕು ತುಂಬಿದ ದೋಣಿ ಈ ಅಡ್ಡಗಟ್ಟೆಯ ಮೇಲೆ ಸಿಕ್ಕಿಕೊಂಡಿತು. ಅದನ್ನು ಬಿಡಿಸಿದ ಆಳುಗಳಲ್ಲಿ ಅಬ್ರಹಾಂ ಲಿಂಕನ್ ಒಬ್ಬ. ಆಫಟ್ ಇಲ್ಲಿಯೇ ಅಂಗಡಿ ತೆರೆದು ಲಿಂಕನ್ನನನ್ನು ಗುಮಾಸ್ತನಾಗಿಟ್ಟನು. ವರ್ಷ ತುಂಬುವ ಹೊತ್ತಿಗೆ ಅಂಗಡಿ ಮುಳುಗಿತು. ಬಳಿಕ ಲಿಂಕನ್ನನೂ ವಿಲಿಯಂ ಬೆರಿಯೂ ಪಾಲುಗಾರರಾಗಿ, ಬಹುಪಾಲು ಸಾಲದ ಪತ್ರಗಳ ಮೇಲೆಯೇ, ಇನ್ನೊಂದು ಅಂಗಡಿಯನ್ನು ಕೊಂಡರು, ಅದೂ ಮುಳುಗಿತು. 1835ರ ಜನವರಿಯಲ್ಲಿ ಬೆರಿ ಸತ್ತಾಗ ಸುಮಾರು 1,100 ಡಾಲರುಗಳ ಸಾಲ ಲಿಂಕನ್ನನ ತಲೆಯ ಮೇಲೆ ಬಂದಿತು. ಅದಕ್ಕೆ ಅವನು ‘ರಾಷ್ಟ್ರೀಯ ಸಾಲ’ವೆಂದು ಹೆಸರಿಟ್ಟುಕೊಂಡು ವರ್ಷಗಟ್ಟಲೆ ತೀರಿಸಿದನು. 1832ರ ವಸಂತದಲ್ಲಿ ‘ಟ್ಯಾಲಿಸ್ಮನ್’ ಎಂಬ ಉಗಿಹಡಗು ನದಿಯನ್ನೇರಿ ಬಂದಾಗ ಇನ್ನು ನ್ಯೂ ಸೇಲಂ ಬಂದರು ಪಟ್ಟಣವಾದಂತೆಯೇ ಎಂದು ಜನ ಹಿಗ್ಗಿದರು. ನೀರಿಳಿದು, ಹಡಗು ಹಿಂದಿರುಗಲು ಅದೇ ಅಡ್ಡಗಟ್ಟೆಯ ಒಂದು ಭಾಗವನ್ನು ಕೀಳಬೇಕಾಯಿತು. ಊರಿಗೆ ಹುಟ್ಟು ಕೊಟ್ಟ ಗಟ್ಟೆಯೇ ಊರಿನ ವಾಣಿಜ್ಯದ ಕನಸಿಗೆ ಅಡ್ಡವಾದ ಈ ಸಂದರ್ಭವನ್ನು ಕಥೆಗಾರನೊಬ್ಬ ಕಲ್ಪಿಸಿದ್ದರೆ ಕೃತಕವೆನ್ನುತ್ತಿದ್ದೆವು. 1836ರಲ್ಲಿ ಅಂಚೆ ಕಚೇರಿ ಪೀಟರ್ಸ್‌ಬರ್ಗಿಗೆ ಹೋಯಿತು. ಆ ಪಟ್ಟಣದ ನಿವೇಶನಗಳನ್ನು ಅಳೆದವನೂ ಲಿಂಕನ್ನನೇ. 1839ರಲ್ಲಿ ಮೆನಾರ್ಡ್ ಕೌಂಟಿ ಬೇರೆಯಾಗಿ ಪೀಟರ್ಸ್‌ಬರ್ಗ್ ಅದರ ಕೇಂದ್ರವಾದ ಮೇಲೆ ನ್ಯೂ ಸೇಲಂನ ಮನೆಗಳನ್ನೇ ಬಿಚ್ಚಿ ಸಾಗಿಸಿದರು. ಆನ್‌ಸ್ಟಾಟನ ಪೀಪಾಯಿ ಮಳಿಗೆಯೂ ಹೀಗೆ ಹೋಗಿ, 1922ರಲ್ಲಿ ಹಿಂದಕ್ಕೆ ಬಂದಿತು. ಇಂದು ಅಲ್ಲಿ ಕಾಣುವ ಊರು 1930ರ ದಶಕದಿಂದೀಚೆಗೆ ಸರ್ಕಾರ ಮರಳಿ ಕಟ್ಟಿದ್ದು. ಅದರಲ್ಲಿ ಮೂಲ ಕಟ್ಟಡವೆಂದರೆ ಆ ಪೀಪಾಯಿ ಮಳಿಗೆಯೊಂದೇ.

ಹತ್ತು ವರ್ಷ ಬಾಳಿದ ಊರು ಇದು. ಇಂಥ ಊರುಗಳು ಗಡಿನಾಡಿನಲ್ಲಿ ನೂರಾರು. ಕೌಂಟಿ ಚರಿತ್ರೆ ಅವುಗಳನ್ನು ಒಂದೆರಡು ಸಾಲಿನಲ್ಲಿ ದಾಟುತ್ತದೆ, ಏಕೆಂದರೆ ಮುಳುಗಿದ ಅಂಗಡಿಯವನು ಚಂದಾ ಕೊಡುವುದಿಲ್ಲ. ಮುಂದೆ ರಾಷ್ಟ್ರಾಧ್ಯಕ್ಷನಾದವನೊಬ್ಬ ಅಲ್ಲಿ ಸಾಲಗಾರನಾಗಿರದಿದ್ದರೆ ಬೆರಿಯ ಹೆಸರು ಯಾರಿಗೆ ತಿಳಿಯುತ್ತಿತ್ತು?

ಫುಲ್ಟನ್ ಕೌಂಟಿಯ ಆರಂಭ ಬೇರೆ ಬಗೆಯದು. 1812ರ ಯುದ್ಧದಲ್ಲಿ ದುಡಿದ ಸೈನಿಕರಿಗೆ ತಲಾ 160 ಎಕರೆ ಕೊಡಲೆಂದು ಮೀಸಲಿಟ್ಟ ಪ್ರದೇಶದಲ್ಲಿ ಅದು ಸೇರಿತ್ತು. ಸೈನಿಕರಲ್ಲಿ ಬಹಳ ಮಂದಿ ಆ ನೆಲವನ್ನು ನೋಡದೆಯೇ ಹಕ್ಕುಪತ್ರವನ್ನು ಸಟ್ಟಾ ವ್ಯಾಪಾರಿಗಳಿಗೆ ಮಾರಿಕೊಂಡರು. ಆಸಿಯನ್ ರಾಸ್ ಎಂಬವನು 1821ರಲ್ಲಿ ಬಂದು ನೆಲೆಸಿ, ಊರು ಕಟ್ಟಿ, ಅದಕ್ಕೆ ತನ್ನ ಮಗ ಲೂಯಿಸನ ಹೆಸರಿಟ್ಟನು. 1823ರಲ್ಲಿ ಕೌಂಟಿ ರಚನೆಯಾದಾಗ ಅದರ ಅಧಿಕಾರ ಉತ್ತರದಲ್ಲಿ ಚಿಕಾಗೋವರೆಗೂ ಹಬ್ಬಿತ್ತು. ಆ ವರ್ಷ ಚಿಕಾಗೋದಲ್ಲಿ ವುಲ್ಕಾಟ್ ಮತ್ತು ಕಿನ್ಜಿ ಕುಟುಂಬಗಳ ನಡುವೆ ನಡೆದ ವಿವಾಹವನ್ನು ನೆರವೇರಿಸಿದವನು ಫುಲ್ಟನ್ ಕೌಂಟಿಯ ನ್ಯಾಯಾಧಿಕಾರಿ. ಮುಂದೆ ಚಿಕಾಗೋದಲ್ಲಿ ವಕೀಲನಾಗಿ ದುಡಿದ ಮಾಸ್ಟರ್ಸ್‌ಗೆ ಈ ಸಂಬಂಧ ತಿರುವುಮುರುವಾಯಿತು.

ಚರ್ಚುಗಳ ವಿಷಯಕ್ಕೆ ಬಂದರೆ, ಗಡಿನಾಡಿನಲ್ಲಿ ಕಟ್ಟಡಕ್ಕಿಂತ ಮೊದಲು ಬಂದವನು ಬೋಧಕ. ಕುದುರೆಯೇರಿ ನೆಲೆಯಿಂದ ನೆಲೆಗೆ ಸುತ್ತುತ್ತಿದ್ದ ಮೆಥಡಿಸ್ಟ್ ಬೋಧಕರಲ್ಲಿ ಈ ಭಾಗದಲ್ಲಿ ಹೆಸರಾದವನು ಪೀಟರ್ ಕಾರ್ಟ್‌ರೈಟ್. ಬಯಲಿನಲ್ಲಿ ಹಲವು ದಿನ ನಡೆಯುತ್ತಿದ್ದ ಪ್ರಾರ್ಥನಾ ಕೂಟಗಳು ಅವನ ಕ್ಷೇತ್ರ, ರಾಜಕೀಯವೂ ಕ್ಷೇತ್ರವೇ. 1832ರಲ್ಲಿ ರಾಜ್ಯ ಶಾಸನಸಭೆಯ ಚುನಾವಣೆಯಲ್ಲಿ ಅವನು ಗೆದ್ದು ಲಿಂಕನ್ ಸೋತನು. 1846ರಲ್ಲಿ ಕಾಂಗ್ರೆಸ್ ಸ್ಥಾನಕ್ಕಾಗಿ ನಡೆದ ಸ್ಪರ್ಧೆಯಲ್ಲಿ ಫಲಿತಾಂಶ ತಿರುಗಿತು. ಬ್ಯಾಪ್ಟಿಸ್ಟರೂ ಕಂಬರ್ಲೆಂಡ್ ಪ್ರೆಸ್ಬಿಟೇರಿಯನ್ನರೂ ಇದ್ದರು. ಇಲ್ಲಿ ನಮಗೆ ಮುಖ್ಯವಾದುದು ಪಂಥಗಳ ವಿವರವಲ್ಲ, ಅವು ಅಂಗಡಿಯೊಡನೆ ಹೆಣೆದುಕೊಂಡ ಬಗೆ. ಗಿರಣಿಯ ಪಾಲುಗಾರ ಕ್ಯಾಮ್ರನ್ ಸ್ವತಃ ಕಂಬರ್ಲೆಂಡ್ ಪ್ರೆಸ್ಬಿಟೇರಿಯನ್ ಬೋಧಕ. ಲಿಂಕನ್ನನ ಪಾಲುಗಾರ ಬೆರಿ, ಅದೇ ಪಂಥದ ಇನ್ನೊಬ್ಬ ಬೋಧಕನ ಮಗ. ಅಂಗಡಿಯ ಮದ್ಯವೇ ಅವನನ್ನು ತಿಂದಿತೆಂಬುದು ಪರಂಪರೆಯಿಂದ ಬಂದ ನಿರೂಪಣೆ. ಊರಿನ ವೈದ್ಯ ಜಾನ್ ಆಲನ್ ಪಾನವಿರೋಧಿ ಸಂಘವನ್ನು ಕಟ್ಟಿದನು. ಗಿರಣಿ, ಧರ್ಮಪೀಠ, ಮದ್ಯದ ಪೀಪಾಯಿ, ಪಾನವಿರೋಧದ ಪ್ರತಿಜ್ಞೆ ಇವೆಲ್ಲ ಕೂಗಳತೆಯ ದೂರದಲ್ಲಿ, ಒಂದೇ ಇಪ್ಪತ್ತು ಇಪ್ಪತ್ತೈದು ಮನೆಗಳೊಳಗೆ ಇದ್ದವು. ಕೌಂಟಿ ಚರಿತ್ರೆ ಇವುಗಳಿಗೆ ಪ್ರತ್ಯೇಕ ಅಧ್ಯಾಯ ಕೊಟ್ಟು, ಒಂದರ ಗಾಳಿ ಇನ್ನೊಂದಕ್ಕೆ ತಾಗದಂತೆ ಬೇರ್ಪಡಿಸುತ್ತದೆ.

ಮಾಸ್ಟರ್ಸ್ ಮಾಡಿದ ಕೆಲಸವೆಂದರೆ ಈ ಅಧ್ಯಾಯಗಳ ನಡುವಿನ ಗೋಡೆಗಳನ್ನು ಕೆಡವಿದ್ದು. ಕೃತಿಯ ನಡುವೆ ಥಾಮಸ್ ರೋಡ್ಸ್ ಎಂಬ ವ್ಯಕ್ತಿಯಿದ್ದಾನೆ. ಬ್ಯಾಂಕು ಅವನದು, ದೊಡ್ಡ ಅಂಗಡಿ ಅವನದು, ಚರ್ಚಿನ ಹಿರಿತನವೂ ಅವನದು. ಅವನ ಸ್ವಂತ ಕವಿತೆಯಿಂದ ಅವನ ಬಗ್ಗೆ ತಿಳಿಯುವುದು ಅತ್ಯಲ್ಪ. ತಿಳಿಯಬೇಕಾದರೆ ಬೇರೆ ಸಮಾಧಿಗಳಿಗೆ ಹೋಗಬೇಕು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ದಿನಕ್ಕೆ ಹದಿನಾಲ್ಕು ಗಂಟೆ ಅವನ ಅಂಗಡಿಯಲ್ಲಿ ಚಪ್ಪಲಿ, ಬಟ್ಟೆ, ಹಿಟ್ಟು ಮಾರಿದ ಯೂಜೀನ್ ಕಾರ್ಮನ್ ತನ್ನನ್ನು ಅವನ ಗುಲಾಮನೆಂದೇ ಕರೆದುಕೊಳ್ಳುತ್ತಾನೆ. ಬ್ಯಾಂಕು ಮುಳುಗಿದಾಗ ಸೆರೆಮನೆಗೆ ಹೋದವನು ರೋಡ್ಸ್ ಅಲ್ಲ, ಖಜಾಂಚಿ. ಅದನ್ನು ನಾವು ಕೇಳುವುದು ಖಜಾಂಚಿಯ ಹೆಂಡತಿಯ ಸಮಾಧಿಯಿಂದ. ನಿಕೊಲಸ್ ಬಿಂಡಲ್ ಎಂಬವನು ಚರ್ಚಿಗೆ ವಾದ್ಯವೊಂದನ್ನು, ಕೊಳವೆಗಳ ಆರ್ಗನ್ನನ್ನು, ದಾನ ಕೊಟ್ಟಿದ್ದನು. ಅದು ಮೊದಲ ಸಲ ನುಡಿದ ದಿನವೇ, ಬ್ಯಾಂಕನ್ನು ಒಡೆದು ಬಿಂಡಲನನ್ನು ಬಹುಪಾಲು ಹಾಳುಮಾಡಿದ ರೋಡ್ಸ್ ನ್ಯಾಯಾಲಯದಿಂದ ಖುಲಾಸೆಯಾಗಿ ಬಂದು ಆರಾಧನೆಗೆ ಕುಳಿತನು. ಡೀಕನ್ ಟೇಲರ್ ಪಾನನಿಷೇಧ ಪಕ್ಷದ ಸ್ತಂಭ. ಕಲ್ಲಂಗಡಿ ತಿಂದು ಸತ್ತನೆಂದು ಊರು ನಂಬಿದೆ. ಅವನೇ ಹೇಳುವಂತೆ ಸತ್ತದ್ದು ಯಕೃತ್ತಿನ ರೋಗದಿಂದ. ಮೂವತ್ತು ವರ್ಷ ಪ್ರತಿ ಮಧ್ಯಾಹ್ನ ಔಷಧದ ಅಂಗಡಿಯ ಮರೆಯಲ್ಲಿ ಕುಡಿದ ಫಲ. ಪಾದ್ರಿ ಆಬ್ನರ್ ಪೀಟನ ಪೆಟ್ಟಿಗೆಯನ್ನು ಹರಾಜಿನಲ್ಲಿ ಕೊಂಡವನು ಹೆಂಡದಂಗಡಿಯವನು. ಅದರೊಳಗಿದ್ದ ಜೀವಮಾನದ ಬೋಧನೆಗಳ ಹಸ್ತಪ್ರತಿಗಳನ್ನು ಅವನು ರದ್ದಿಯೆಂದು ಸುಟ್ಟನು.

ಬಿಡಿಯಾಗಿ ನೋಡಿದರೆ ಇವು ವ್ಯಂಗ್ಯಚಿತ್ರಗಳು. ಅವುಗಳಲ್ಲಿ ಕೆಲವು, ಪೀಟನದನ್ನು ಸೇರಿಸಿ, ಅಗ್ಗದ ವ್ಯಂಗ್ಯವೇ ಎಂದು ನನಗೆ ತೋರುತ್ತದೆ. ಆದರೆ ಓದುಗ ಒಂದು ಸಮಾಧಿಯಿಂದ ಇನ್ನೊಂದಕ್ಕೆ ಹೋಗಿ ಮತ್ತೆ ಹಿಂದಿರುಗುತ್ತ, ಒಬ್ಬನ ಲೆಕ್ಕವನ್ನು ಇನ್ನೊಬ್ಬನ ಲೆಕ್ಕಕ್ಕೆ ತಾಳೆನೋಡಬೇಕಾಗುತ್ತದೆ. ಇದು ಶಾಸನಗಳನ್ನು ಓದುವವರಿಗೆ ಪರಿಚಿತವಾದ ಶ್ರಮ: ಒಂದೂರಿನ ದತ್ತಿಯ ಅರ್ಥ ನೆರೆಯೂರಿನ ಕಲ್ಲಿನಲ್ಲಿ ಸಿಕ್ಕುವುದುಂಟು. ಕೌಂಟಿ ಚರಿತ್ರೆಯಲ್ಲಿ ರೋಡ್ಸನಿಗೆ ಭಾವಚಿತ್ರ ಸಹಿತ ಎರಡು ಪುಟ ಸಿಕ್ಕುತ್ತಿತ್ತು. ಕಾರ್ಮನನ ಹೆಸರೇ ಇರುತ್ತಿರಲಿಲ್ಲ. ಆಂಥಾಲಜಿಯಲ್ಲಿ ಇಬ್ಬರಿಗೂ ಸರಿಸುಮಾರು ಅಷ್ಟೇ ಜಾಗ, ಅಷ್ಟೇ ಸಾಲು. ಕೃತಿಯ ನಿಜವಾದ ನ್ಯಾಯದಾನ ಈ ಅಳತೆಯಲ್ಲಿದೆ, ಅದರ ಬಹಿರಂಗಗಳಲ್ಲಿ ಅಲ್ಲ.

ತಾನು ಯಾವ ಗ್ರಂಥಪ್ರಕಾರಕ್ಕೆ ಎದುರಾಗಿ ನಿಂತಿದ್ದೇನೆಂಬ ಅರಿವು ಮಾಸ್ಟರ್ಸ್‌ಗೆ ಇತ್ತೆಂಬುದಕ್ಕೆ ರಿಚರ್ಡ್ ಬೋನ್ ಎಂಬ ಪಾತ್ರವೇ ಸಾಕ್ಷಿ. ಬೋನ್ ಸಮಾಧಿಕಲ್ಲು ಕೆತ್ತುವವನು. ಊರಿಗೆ ಹೊಸಬನಾಗಿದ್ದಾಗ, ಸತ್ತವರ ಬಂಧುಗಳು ಹೇಳಿದ ಗುಣಗಾನ ನಿಜವೋ ಸುಳ್ಳೋ ತಿಳಿಯದೆ ಕೆತ್ತಿದನು. ಊರನ್ನು ಅರಿತ ಮೇಲೆ ಸುಳ್ಳೆಂದು ತಿಳಿದೂ ಕೆತ್ತಿದನು, ಕೂಲಿ ಕೊಟ್ಟರಲ್ಲ ಎಂದು. ಕೊನೆಯಲ್ಲಿ ಅವನು ತನ್ನನ್ನು, ಸತ್ಯ ತಿಳಿಯದೆಯೋ ಮರೆಮಾಚಲು ಒಪ್ಪಿಯೋ ಬರೆಯುವ ಚರಿತ್ರಕಾರನಿಗೆ ಹೋಲಿಸಿಕೊಳ್ಳುತ್ತಾನೆ. ಇಡೀ ಆಂಥಾಲಜಿಯಲ್ಲಿ ಅತ್ಯಂತ ಕಡಿಮೆ ಅಬ್ಬರದ ಕವಿತೆ ಇದು. ನನ್ನ ಎಣಿಕೆಯಲ್ಲಿ ಅತ್ಯಂತ ಮುಖ್ಯವಾದದ್ದೂ ಇದೇ.

ನಮ್ಮ ಶಿಲಾಶಾಸನಗಳಲ್ಲಿಯೂ ಬರೆದವನು, ಕಂಡರಿಸಿದ ರೂವಾರಿ ತಮ್ಮ ಹೆಸರನ್ನು ಕೊನೆಗೆ ಹೇಳಿಕೊಳ್ಳುವುದುಂಟು, ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ. ಅಲ್ಲಿ ಬೋನನ ಸಂಕಟವಿಲ್ಲ. ಇದಕ್ಕೆ ಕಾರಣ ನಮ್ಮ ರೂವಾರಿಗಳು ಸತ್ಯಸಂಧರೆಂದಲ್ಲ. ಕಲ್ಲಿನ ಕೆಲಸವೇ ಬೇರೆಯಾಗಿತ್ತೆಂದು. ಸುಮಾರು ಕ್ರಿ.ಶ. 950ರ ಆತಕೂರು ಶಾಸನವನ್ನು ನೆನೆಯಬಹುದು. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಗೆ ನಿಲ್ಲಿಸಿದ ಆ ಕಲ್ಲು ನಾಯಿಯ ಗುಣಗಾನ ಮಾಡಿ ಮುಗಿಸುವುದಿಲ್ಲ. ಕಲ್ಲಿನ ಪೂಜೆಗೆ ಬಿಟ್ಟ ಭೂಮಿಯನ್ನು ಹೇಳುತ್ತದೆ, ಪೂಜಿಸದೆ ಉಣ್ಣುವ ಗೊರವನಿಗೆ ಶಾಪವನ್ನೂ ಹೇಳುತ್ತದೆ. ಸ್ಮಾರಕವೂ ಭೂದಾಖಲೆಯೂ ಆರಾಧನೆಯ ಕಟ್ಟಳೆಯೂ ಅಲ್ಲಿ ಒಂದೇ ಬರೆಹ. ಸತ್ತವನು ‘ನಾನು’ ಎಂದು ಮಾತನಾಡುವ ವಾಡಿಕೆ ನಮ್ಮ ವೀರಗಲ್ಲು, ನಿಸಿದಿಗಳಲ್ಲಿ ಸಾಮಾನ್ಯವಾಗಿ ಇಲ್ಲ. ಉಳಿದವರು ಅವನ ಕುರಿತು ಹೇಳುತ್ತಾರೆ, ಹೇಳಿದ್ದಕ್ಕೆ ತಮ್ಮ ಹೊಲಗದ್ದೆಗಳಿಂದ ಹೊಣೆ ಹೊರುತ್ತಾರೆ. ಇಲಿನಾಯ್ ಗಡಿನಾಡಿನಲ್ಲಿ ಸಮಾಧಿ, ಚರ್ಚು, ಅಂಗಡಿಗಳು ಬದುಕಿನಲ್ಲಿ ಹೆಣೆದುಕೊಂಡಿದ್ದರೂ ಬರೆಹದಲ್ಲಿ ಬೇರ್ಪಟ್ಟವು. ಆದ್ದರಿಂದಲೇ ಅಲ್ಲಿ ಸತ್ತವನೇ ಎದ್ದು ಲೆಕ್ಕ ಒಪ್ಪಿಸಬೇಕಾಯಿತು. ಎರಡು ಸಮಾಜಗಳ ಮೇಲುಕೀಳು ಹೇಳುವುದು ನನ್ನ ಉದ್ದೇಶವಲ್ಲ. ವೀರಗಲ್ಲೂ ಕಾರ್ಮನನಂಥವರ ಹೆಸರನ್ನು ಬಿಟ್ಟೇ ಬಿಟ್ಟಿದೆ.

ಈಗ ಕೃತಿಯ ದೌರ್ಬಲ್ಯಗಳ ಮಾತು. ಮೊದಲನೆಯದು ಧ್ವನಿ. ಕಮ್ಮಾರ, ಪಾದ್ರಿ, ವೇಶ್ಯೆ, ನ್ಯಾಯಾಧೀಶ, ಎಲ್ಲರೂ ಹೆಚ್ಚುಕಡಿಮೆ ಒಂದೇ ಧಾಟಿಯಲ್ಲಿ ಮಾತನಾಡುತ್ತಾರೆ. ಅದು ನ್ಯಾಯಾಲಯದ ಸಾಕ್ಷಿಹೇಳಿಕೆಯ ಧಾಟಿ. ಮಾಸ್ಟರ್ಸ್ ವಕೀಲನ ಮಗ, ತಾನೂ ವಕೀಲ, 1903ರಿಂದ ಕೆಲವು ವರ್ಷ ಪ್ರಸಿದ್ಧ ವಕೀಲ ಕ್ಲಾರೆನ್ಸ್ ಡ್ಯಾರೊನ ಪಾಲುಗಾರ. ಸಾಕ್ಷಿಗಳನ್ನು ಒಬ್ಬರ ಮೇಲೊಬ್ಬರಂತೆ ಕಟಕಟೆಗೆ ಕರೆಯುವ ಅವನ ಕ್ರಮ ಕೃತಿಗೆ ಬಿಗಿಯನ್ನು ಕೊಟ್ಟಿದೆ. ನುಡಿಯ ಬಣ್ಣಗಳನ್ನು ಕಿತ್ತುಕೊಂಡಿದೆ.

ಎರಡನೆಯದು, ‘ಬಂಡಾಯ’ವೆಂಬ ಹಣೆಪಟ್ಟಿಗೆ ಸಂಬಂಧಿಸಿದ್ದು. ಕೃತಿಯ ಪ್ರಸನ್ನ ಮುಖಗಳು ಯಾವುವೆಂದು ಗಮನಿಸಬೇಕು. ತೊಂಬತ್ತಾರು ವರ್ಷ ತುಂಬು ಬಾಳು ಬಾಳಿದ ಲೂಸಿಂಡಾ ಮ್ಯಾಟ್ಲಾಕ್, ಕಾನ್‌ಕಾರ್ಡ್ ಚರ್ಚಿನಲ್ಲಿ ನಿಂತ ಆರನ್ ಹ್ಯಾಟ್‌ಫೀಲ್ಡ್, ಹನ್ನಾ ಆರ್ಮ್‌ಸ್ಟ್ರಾಂಗ್: ಇವರೆಲ್ಲ ಸ್ಯಾಂಗಮನ್ ದಡದವರು, ಮೆನಾರ್ಡ್ ಕೌಂಟಿಯವರು, ಮೊದಲಿಬ್ಬರು ಕವಿಯ ಅಜ್ಜಿ, ಅಜ್ಜ. ಕೆಂಟಕಿ, ಟೆನೆಸಿಗಳ ಕಡೆಯಿಂದ ಬಂದ ದಕ್ಷಿಣದ ಮೂಲದವರು. ಬ್ಯಾಂಕು, ಪಾನನಿಷೇಧ, ಕಪಟ ಧರ್ಮನಿಷ್ಠೆಗಳೆಲ್ಲ ಬಹುಪಾಲು ಲೂಯಿಸ್‌ಟೌನಿನ, ನ್ಯೂ ಇಂಗ್ಲೆಂಡ್ ಮೂಲದ ಜನರ ತಲೆಗೆ. ಅಂದರೆ ಇದು ಹಳ್ಳಿಯ ವಿರುದ್ಧದ ಬಂಡಾಯವಲ್ಲ, ಒಂದು ಕೌಂಟಿಯ ಪರವಾಗಿ ಇನ್ನೊಂದರ ಮೇಲೆ ಹೂಡಿದ ದಾವೆ. ಮೊದಲ ತಲೆಮಾರಿನವರು ಗಟ್ಟಿಗರು, ಆಮೇಲಿನವರು ಕೃಶರು ಎಂಬ ಕೌಂಟಿ ಚರಿತ್ರೆಗಳ ಹಳೆಯ ಪಲ್ಲವಿಯನ್ನೇ ಮಾಸ್ಟರ್ಸ್ ಇಲ್ಲಿ ಹಾಡುತ್ತಿದ್ದಾನೆ. ನ್ಯೂ ಸೇಲಂನ ಮುಳುಗಿದ ಖಾತೆಗಳನ್ನು ಬಲ್ಲವರಿಗೆ ಈ ಪಲ್ಲವಿ ಹಿಡಿಸುವುದು ಕಷ್ಟ. ಸಾಲ, ಸಟ್ಟಾ, ಹೆಂಡ, ಬೋಧಕರ ರಾಜಕೀಯ ಇವು ಮೊಮ್ಮಕ್ಕಳು ತಂದ ಕೇಡುಗಳಲ್ಲ. ಅಜ್ಜಂದಿರ ಕಾಲದಲ್ಲಿಯೇ ಗಿರಣಿಯ ಪಕ್ಕದಲ್ಲಿ ನೆಲೆನಿಂತಿದ್ದವು. ಲೂಯಿಸ್‌ಟೌನಿನ ಜನ ಕೃತಿಯ ಮೇಲೆ ದಶಕಗಳ ಕಾಲ ಮುನಿಸಿಕೊಂಡಿದ್ದುದಕ್ಕೆ ಮಾನನಷ್ಟವೊಂದೇ ಕಾರಣವಾಗಿರಲಾರದು.

ಮೂರನೆಯದು, ರಿಚರ್ಡ್ ಬೋನನ ಕೆಲಸವನ್ನು ಕೊನೆಗೆ ಮಾಸ್ಟರ್ಸ್ ತಾನೇ ಮಾಡಿದ್ದು. ರಟ್ಲೆಜ್‌ನ ಮಗಳು ಆನ್ 1835ರ ಆಗಸ್ಟ್ 25ರಂದು ಜ್ವರದಿಂದ ತೀರಿಕೊಂಡಳು. ಅವಳನ್ನು ಹೂಳಿದ್ದು ಕಾನ್‌ಕಾರ್ಡ್ ಸಮಾಧಿಭೂಮಿಯಲ್ಲಿ. ಲಿಂಕನ್ ಅವಳನ್ನು ಪ್ರೀತಿಸಿದ್ದನೆಂಬ ಕಥೆಯನ್ನು ಲೋಕಕ್ಕೆ ಸಾರಿದವನು ಅವನ ವಕೀಲಿ ವೃತ್ತಿಯ ಪಾಲುಗಾರ ವಿಲಿಯಂ ಹರ್ನ್‌ಡನ್, 1866ರ ಉಪನ್ಯಾಸವೊಂದರಲ್ಲಿ. 1890ರಲ್ಲಿ, ಪೀಠೋಪಕರಣ ಮಾರುತ್ತ ಶವಸಂಸ್ಕಾರದ ವ್ಯಾಪಾರವನ್ನೂ ನಡೆಸುತ್ತಿದ್ದ ಪೀಟರ್ಸ್‌ಬರ್ಗಿನ ಒಬ್ಬ ವರ್ತಕ, ಅವಳ ಗೋರಿಯನ್ನು ತೋಡಿಸಿ, ಸಿಕ್ಕ ಅತ್ಯಲ್ಪ ಅವಶೇಷಗಳನ್ನು ತನಗೆ ಆಸಕ್ತಿಯಿದ್ದ ಹೊಸ ಓಕ್‌ಲೆಂಡ್ ಸಮಾಧಿಭೂಮಿಗೆ ಸಾಗಿಸಿದನು. ಹೆಸರಾದ ಗೋರಿಯೊಂದಿದ್ದರೆ ಸುತ್ತಲಿನ ನಿವೇಶನಗಳಿಗೆ ಬೆಲೆ ಬರುತ್ತದೆ. (ಮರಗೆಲಸದವನೇ ಶವಪೆಟ್ಟಿಗೆ ಮಾಡುತ್ತ, ಕ್ರಮೇಣ ಶವಸಂಸ್ಕಾರದ ವ್ಯಾಪಾರಿಯಾಗುವುದು ಗಡಿನಾಡಿನ ಊರುಗಳಲ್ಲಿ ಸಾಮಾನ್ಯ.) 1921ರಲ್ಲಿ ಆ ಹೊಸ ಗೋರಿಯ ಮೇಲೆ ನಿಲ್ಲಿಸಿದ ಗ್ರಾನೈಟ್ ಕಲ್ಲಿನಲ್ಲಿ ಕೆತ್ತಿದ್ದು ಆಂಥಾಲಜಿಯಲ್ಲಿ ಆನ್ ರಟ್ಲೆಜ್ ಹೇಳುವ ಕವಿತೆಯನ್ನೇ. ಅದರಲ್ಲಿ ಅವಳು ತನ್ನ ಮತ್ತು ಲಿಂಕನ್ನನ ಅಗಲಿಕೆಯಿಂದ ಒಂದು ಗಣರಾಜ್ಯವೇ ಅರಳಿತೆಂಬ ಅರ್ಥದ ಮಾತನಾಡುತ್ತಾಳೆ.

ಈ ಕಲ್ಲಿನ ಮುಂದಿನ ಕಥೆ ಯಾವ ಸಂಶೋಧಕನನ್ನೂ ಎಚ್ಚರಿಸುವಂಥದು. 1928–29ರಲ್ಲಿ ‘ಅಟ್ಲಾಂಟಿಕ್’ ಮಾಸಪತ್ರಿಕೆ ಲಿಂಕನ್ ಮತ್ತು ಆನ್ ನಡುವಿನ ಪ್ರೇಮಪತ್ರಗಳನ್ನು ಪ್ರಕಟಿಸಿತು. ಅವು ಕೃತಕವೆಂದು ಬೇಗನೆ ಬಯಲಾಯಿತು. 1945ರಲ್ಲಿ ಚರಿತ್ರಕಾರ ಜೇಮ್ಸ್ ರಾಂಡಲ್ ಸಾಕ್ಷ್ಯಗಳನ್ನು ಜರಡಿ ಹಿಡಿದು ಇಡೀ ಪ್ರಣಯಕಥೆಯನ್ನೇ ಸಂಶಯಿಸಿದನು. 1990ರಲ್ಲಿ ಜಾನ್ ಸೈಮನ್ ಮತ್ತು ಡಗ್ಲಸ್ ವಿಲ್ಸನ್, ಹರ್ನ್‌ಡನ್ ಸಂಗ್ರಹಿಸಿದ್ದ ಊರವರ ಹೇಳಿಕೆಗಳನ್ನು ಮರಳಿ ಪರಿಶೀಲಿಸಿ, ಕಥೆಯ ತಿರುಳನ್ನು ನಂಬಬಹುದೆಂದರು. ಈ ನಡುವೆ 1931ರಲ್ಲಿ ಮಾಸ್ಟರ್ಸ್ ಬರೆದ ಲಿಂಕನ್ ಚರಿತ್ರೆ ಲಿಂಕನ್ನನಿಗೆ ಕಡುವಿರೋಧಿಯಾದುದು. ಅದನ್ನು ಬರೆದ ಕೈಯೇ ಆ ಸಮಾಧಿಯ ಸಾಲುಗಳನ್ನೂ ಬರೆದದ್ದೆಂದು ನಂಬುವುದು ಕಷ್ಟ. ಕಲ್ಲು ಮಾತ್ರ ತಿದ್ದುಪಡಿಯಿಲ್ಲದೆ ನಿಂತಿದೆ. ಕವಿತೆ ಪುಸ್ತಕದಲ್ಲಿದ್ದಾಗ ಅದರ ಅಕ್ಕಪಕ್ಕದಲ್ಲಿ ಬೇರೆ ಸಾಕ್ಷಿಗಳಿದ್ದರು. ರಿಚರ್ಡ್ ಬೋನ್ ಇದ್ದನು. ಗೋರಿಗೆ ಬಂದ ಮೇಲೆ ಅದು ಒಂಟಿ ಸಾಕ್ಷಿಯಾಯಿತು, ಸಮಾಧಿಭೂಮಿಯ ಜಾಹೀರಾತಾಯಿತು. 1950ರಲ್ಲಿ ಮಾಸ್ಟರ್ಸ್‌ನನ್ನೂ ಅದೇ ಓಕ್‌ಲೆಂಡಿನಲ್ಲಿ ಹೂಳಿದರು.

ಕೊನೆಯದಾಗಿ, ‘ಮೊದಲು ಬಂದವರು’ ಎಂಬ ಮಾತು. ಆಂಥಾಲಜಿಯ ದಿಬ್ಬದಲ್ಲಿ ಹೊರಗಿನವರಿಲ್ಲವೆಂದಲ್ಲ. ಸಿದ್ಧ ಉಡುಪಿನ ಅಂಗಡಿಯಿಟ್ಟಿದ್ದ ಯಹೂದಿ ಬಾರ್ನಿ ಹೇನ್ಸ್‌ಫೆದರ್ ರೈಲು ಅಪಘಾತದಲ್ಲಿ ಸುಟ್ಟುಹೋದಾಗ ಹೆಣಗಳು ಅದಲುಬದಲಾಗಿ, ಅವನಿಗೆ ಸಲ್ಲಬೇಕಾದ ಚಿಕಾಗೋದ ಯಹೂದಿ ಸಮಾಧಿಭೂಮಿಗೆ ಬೇರೊಬ್ಬ ಹೋದನು, ಅವನು ಇಲ್ಲಿಗೆ ಬಂದನು. ಈ ಊರಿನಲ್ಲಿ ಅಂಗಡಿ ನಡೆಸಿದ್ದೇ ಸಾಲದೆ ಇಲ್ಲಿಯೇ ಹೂಳಿಸಿಕೊಳ್ಳಬೇಕೆ ಎಂದು ಗೊಣಗುತ್ತಾನೆ. ಚೀನಾದ ಹುಡುಗ ಯೀ ಬೌನನ್ನು ಭಾನುವಾರದ ಶಾಲೆಗೆ ಸೇರಿಸಿ ಕನ್‌ಫ್ಯೂಷಿಯಸನನ್ನು ಬಿಡಿಸಲು ಯತ್ನಿಸುತ್ತಾರೆ. ಪಾದ್ರಿಯ ಮಗ ಗುದ್ದಿದ ಗುದ್ದಿಗೆ ಅವನು ಸಾಯುತ್ತಾನೆ. ತನ್ನ ಪೂರ್ವಿಕರೊಡನೆ ಮಲಗುವ ಭಾಗ್ಯ ತನಗಿಲ್ಲ, ತನ್ನ ಗೋರಿಯನ್ನು ಪೂಜಿಸುವ ಮಕ್ಕಳಿಲ್ಲ ಎಂಬುದು ಅವನ ಅಳಲು. ಸಮಾಧಿಯೆಂದರೆ ವಂಶದೊಡನೆ ಇರುವ ಹಕ್ಕು ಎಂಬುದನ್ನು ಇಷ್ಟು ಬಲ್ಲ ಕವಿ, ಆ ನೆಲದ ಮೂಲನಿವಾಸಿಗಳಲ್ಲಿ ಒಬ್ಬರಿಗೂ ಮ���ತು ಕೊಟ್ಟಿಲ್ಲ. ಕಿಕಪೂ ಜನ ಮಧ್ಯ ಇಲಿನಾಯ್‌ನ ನೆಲವನ್ನು ಒಪ್ಪಂದವೊಂದರಲ್ಲಿ ಬಿಟ್ಟುಕೊಡಬೇಕಾದದ್ದು 1819ರಲ್ಲಿ. ಆಸಿಯನ್ ರಾಸ್ ಬಂದದ್ದು ಎರಡೇ ವರ್ಷದ ಬಳಿಕ. ಕೌಂಟಿ ಚರಿತ್ರೆಗಳಾದರೂ ಮೊದಲ ಅಧ್ಯಾಯದಲ್ಲಿ ಅವರನ್ನು ಹೆಸರಿಸಿ, ಎರಡನೆಯದರಲ್ಲಿ ಮರೆಯುತ್ತವೆ. ಆಂಥಾಲಜಿಯಲ್ಲಿ ಆ ಮೊದಲ ಅಧ್ಯಾಯವೂ ಇಲ್ಲ.

ಇದು ತತ್ತ್ವದ ಆಕ್ಷೇಪವಲ್ಲ, ಸ್ಥಳದ ಆಕ್ಷೇಪ. ಕಲ್ಪಿತ ದಿಬ್ಬಕ್ಕೆ ಒಂದು ಮೂಲವೆನಿಸಿದ ಓಕ್ ಹಿಲ್ ಸಮಾಧಿಭೂಮಿ ಇರುವುದು ಲೂಯಿಸ್‌ಟೌನಿನಲ್ಲಿ. 1894ರಲ್ಲಿ ಸುಟ್ಟುಹೋದ ನ್ಯಾಯಾಲಯದ ಕಂಬಗಳು ಅಂತರ್ಯುದ್ಧದ ಸೈನಿಕರ ಸ್ಮಾರಕವಾಗಿ ಅಲ್ಲಿ ನಿಂತಿವೆ. ಅಲ್ಲಿಂದ ಕೆಲವೇ ಮೈಲಿ ದೂರದಲ್ಲಿ ಡಿಕ್ಸನ್ ಕುಟುಂಬದ ಹೊಲವಿತ್ತು. ಆ ಹೊಲದ ದಿಬ್ಬದಲ್ಲಿ, ಸುಮಾರು ಕ್ರಿ.ಶ. 800ರಿಂದ 1250ರವರೆಗಿನ ಕಾಲದ ಮೂಲನಿವಾಸಿಗಳ ಗೋರಿಗಳನ್ನು ಡಾನ್ ಡಿಕ್ಸನ್ 1927ರಲ್ಲಿ ತೋಡತೊಡಗಿದನು. ಎಲುಬುಗಳನ್ನು ಕದಲಿಸದೆ, ಇನ್ನೂರಕ್ಕೂ ಹೆಚ್ಚು ಅಸ್ಥಿಪಂಜರಗಳನ್ನು ಮಲಗಿದ್ದಂತೆಯೇ ಬಿಟ್ಟು, ಮೊದಲು ಡೇರೆ ಹಾಕಿ, ಆಮೇಲೆ ಕಟ್ಟಡ ಕಟ್ಟಿ, ಪ್ರವೇಶಶುಲ್ಕ ತೆಗೆದುಕೊಂಡು ಜನರಿಗೆ ತೋರಿಸಿದನು. 1945ರಲ್ಲಿ ರಾಜ್ಯ ಸರ್ಕಾರ ಅದನ್ನು ಕೊಂಡಿತು. 1972ರಲ್ಲಿ ಅದರ ಮೇಲೆ ದೊಡ್ಡ ವಸ್ತುಸಂಗ್ರಹಾಲಯ ಎದ್ದಿತು. ಮೂಲನಿವಾಸಿಗಳ ಪ್ರತಿಭಟನೆಯ ಬಳಿಕ, 1992ರ ಏಪ್ರಿಲ್‌ನಲ್ಲಿ, ಆ ಪ್ರದರ್ಶನವನ್ನು ಮುಚ್ಚಿ ಗೋರಿಗಳ ಮೇಲೆ ಮತ್ತೆ ಹೊದಿಕೆ ಹಾಕಿದರು. ಮಾಸ್ಟರ್ಸ್ ಪುಸ್ತಕ ಬರೆದಾಗ ಈ ಗೋರಿಗಳು ಇನ್ನೂ ಮಣ್ಣಿನೊಳಗಿದ್ದವು, ನಿಜ. ಆದರೆ ಆ ಕೌಂಟಿಯಲ್ಲಿ ಹಳೆಯ ದಿಬ್ಬಗಳಿರುವುದು ಯಾರಿಗೂ ತಿಳಿಯದ ಸಂಗತಿಯಾಗಿರಲಿಲ್ಲ. ನೇಗಿಲು ಹೂಡಿದ ಪ್ರತಿ ರೈತನೂ ಬಲ್ಲದ್ದು. ಇಂದು ಫುಲ್ಟನ್ ಕೌಂಟಿಗೆ ಹೋಗುವ ಓದುಗನು ಒಂದೇ ಮಧ್ಯಾಹ್ನದಲ್ಲಿ ಓಕ್ ಹಿಲ್ಲನ್ನೂ ಡಿಕ್ಸನ್ ದಿಬ್ಬವನ್ನೂ ನೋಡಿ ಬರಬಹುದು. ಮೊದಲನೆಯದರಲ್ಲಿ ಅವನ ಕೈಯಲ್ಲಿ ಆಂಥಾಲಜಿಯಿರುತ್ತದೆ; ಎರಡನೆಯದಕ್ಕೆ ಅದರಲ್ಲಿ ಒಂದು ಪುಟವೂ ಇಲ್ಲ.